ಸೊನ್ನೆಯಕ್ಕ ಪುಡಿ ಚೆಲ್ಲಿದ್ದು

ಪರೀಕ್ಷಾಲಯದ ಎರಡನೆಯ ಮಹಡಿಯ ಹಿರಿಯ ಪರೀಕ್ಷಕಿಗೆ ಸೊನ್ನೆಯಕ್ಕ ಎಂಬ ಹೆಸರು ಬಿದ್ದದ್ದು ಕೆಲಸದಿಂದಲೇ. ಯಾರಾದರೂ ಹಾಳೆಯಲ್ಲಿ 0.9 ಎಂದು ಬರೆದು ತಂದರೆ ಅವಳು ಆ ಹಾಳೆಯನ್ನು ಕೈಯಲ್ಲೂ ಮುಟ್ಟುತ್ತಿರಲಿಲ್ಲ. "ಕೊನೇ ಸೊನ್ನೆ ಎಲ್ಲಿ?" ಎಂದು ಕೇಳುತ್ತಿದ್ದಳು. 0.9 ಎಂದರೆ ಹೆಚ್ಚುಕಡಿಮೆ ಅಷ್ಟು ಎಂದರ್ಥ. 0.90 ಎಂದರೆ ಮುಂದಿನ ದಶಾಂಶದ ಮನೆಯನ್ನೂ ಅಳೆದು ನೋಡಿದೆ, ಅಲ್ಲಿ ಏನೂ ಸಿಗಲಿಲ್ಲ ಎಂದರ್ಥ. ಅಳೆದು ಏನೂ ಇಲ್ಲ ಎನ್ನುವುದಕ್ಕೂ ಅಳೆಯದೆ ಸುಮ್ಮನಿರುವುದಕ್ಕೂ ಇರುವ ಅಂತರಕ್ಕಾಗಿ ಅವಳು ಮೂವತ್ತೊಂದು ವರ್ಷದಿಂದ ಜಗಳವಾಡುತ್ತ ಬಂದಿದ್ದಳು. ಹೆಸರಿಟ್ಟವರು ತಮಾಷೆಗೆ ಇಟ್ಟರು. ಅವಳು ಅದನ್ನು ಬಿರುದು ಎಂದುಕೊಂಡಳು. ಹಾಗಾಗಿ ತಮಾಷೆ ಕೆಟ್ಟಿತು, ಹೆಸರು ಉಳಿಯಿತು.

ಕೂಸುಗಳಿಗೆ ಕಲಸಿ ಕುಡಿಸುವ ಹಾಲಿನ ಪುಡಿಯ ಡಬ್ಬಿಗಳ ಮೇಲೆ ಇಂತಿಂಥ ಪೋಷಕಾಂಶ ಇಷ್ಟಿಷ್ಟು ಇದೆ ಎಂದು ಅಚ್ಚಾಗಿರುತ್ತದೆ. ಅಚ್ಚಾದದ್ದು ಒಳಗೂ ಇದೆಯೇ ಎಂದು ನೋಡುವುದು ಅವಳ ಕೆಲಸ. ಡಬ್ಬಿಗಳು ಮೊದಲು ಕೆಳಗಿನ ಮಹಡಿಗೆ ಬರುತ್ತವೆ. ಅಲ್ಲಿ ಪುಡಿಯನ್ನು ಹೆಸರಿಲ್ಲದ ಬಿಳಿ ಭರಣಿಗೆ ಸುರಿದು, ಒಂದು ಸಂಖ್ಯೆ ಅಂಟಿಸಿ ಮೇಲಕ್ಕೆ ಕಳಿಸುತ್ತಾರೆ. ಕೆಳಗಿನವರಿಗೆ ಕಂಪನಿಯ ಹೆಸರು ಗೊತ್ತು, ಪುಡಿಯ ಗುಣ ಗೊತ್ತಿಲ್ಲ. ಮೇಲಿನವರಿಗೆ ಗುಣ ಗೊತ್ತು, ಹೆಸರು ಗೊತ್ತಿಲ್ಲ. ಯಾರ ಕಡೆಗೂ ವಾಲಬಾರದೆಂದು ಮಾಡಿದ ಏರ್ಪಾಡು. ಚೆನ್ನಾಗಿಯೇ ಇತ್ತು. ಮೂವತ್ತೊಂದು ವರ್ಷ ಒಬ್ಬಳೇ ಹೆಂಗಸು ಅದೇ ಕುರ್ಚಿಯಲ್ಲಿ ಕೂರುತ್ತಾಳೆ ಎಂಬುದನ್ನು ಮಾತ್ರ ಏರ್ಪಾಡು ಮಾಡಿದವರು ಎಣಿಸಿರಲಿಲ್ಲ.

ಅವಳಿಗೆ ಎಲ್ಲ ಪುಡಿಗಳ ಗುರುತೂ ಹತ್ತಿಬಿಟ್ಟಿತ್ತು. ಒಂದು ಕಂಪನಿಯದು ನೀರಿಗೆ ಬಿದ್ದ ಕೂಡಲೇ ಮುಳುಗುತ್ತದೆ. ಇನ್ನೊಂದು ಗಂಟುಕಟ್ಟಿಕೊಂಡು ಮುನಿಸಿಕೊಳ್ಳುತ್ತದೆ. ಮತ್ತೊಂದು ಸ್ವಲ್ಪ ಹೊತ್ತು ತೇಲಿ, ಯೋಚನೆ ಮಾಡಿ, ಆಮೇಲೆ ಇಳಿಯುತ್ತದೆ. ತನಗೆ ಗುರುತು ಸಿಗುತ್ತದೆಂದು ಅವಳು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಮಗಳು ಕೇಳುವವರೆಗೆ. ಮಗಳಿಗೆ ಹೆರಿಗೆಯಾಯಿತು, ಹಾಲು ಸಾಲದಾಯಿತು, ಡಾಕ್ಟರು ಡಬ್ಬಿಯ ಪುಡಿ ಕೊಡಿ ಎಂದರು. ಮಗಳು ನೇರವಾಗಿ ಅಮ್ಮನಿಗೆ ಫೋನು ಮಾಡಿದಳು.

"ಅಮ್ಮಾ, ಯಾವ ಡಬ್ಬಿ ತರ್ಲಿ?"

"ಅಂಗಡಿಯಲ್ಲಿ ಸಿಗೋದೆಲ್ಲ ಪರೀಕ್ಷೆ ಆಗಿ ಬಂದಿರೋದೇ."

"ಅದು ಊರಿಗೆಲ್ಲ ಹೇಳೋ ಉತ್ತರ. ನನಗೆ ಹೇಳು."

"ನಿನಗೂ ಅದೇ ಉತ್ತರ."

"ಸ್ವಂತ ಮಗಳಿಗೂ?"

"ಸ್ವಂತ ಮಗಳಿಗೆ ಅಂತ ಅವರು ಬೇರೆ ಪುಡಿ ಮಾಡಲ್ಲ."

ಮಗಳು ಫೋನಿಟ್ಟಳು. ಬೀಗಿತ್ತಿ, ಅಂದರೆ ಮಗಳ ಅತ್ತೆ, ಅದೇ ಮನೆಯಲ್ಲಿದ್ದರು. ಅವರ ಅಭಿಪ್ರಾಯ ಫೋನಿಲ್ಲದೆಯೂ ತಲುಪಿತು. "ಕೆಳಗಿನ ಮನೆಯವನು ಪೊಲೀಸು. ಸಂಜೆ ಮನೆಗೆ ಬಂದು ಕಳ್ಳರ ಸುದ್ದಿಯೆಲ್ಲ ಹೇಳ್ತಾನೆ. ನಿಮ್ಮಮ್ಮ ಒಂದು ಡಬ್ಬಿ ಹೆಸರು ಹೇಳಲ್ಲ. ಅದೇನು ರಾಜ್ಯದ ಗುಟ್ಟೋ!"

ಸೊನ್ನೆಯಕ್ಕನ ಗಂಡ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತನಾದವನು. ಅವನು ಹೆಂಡತಿಯ ಪರ ವಹಿಸಿದ, ಅವನ ರೀತಿಯಲ್ಲಿ. "ನಾನು ಅಷ್ಟು ವರ್ಷ ವಿಳಾಸ ಓದಿದೆ, ಒಳಗಿನದು ಓದ್ಲಿಲ್ಲ. ಇವಳು ಒಳಗಿನದು ಓದ್ತಾಳೆ, ವಿಳಾಸ ಹೇಳಲ್ಲ. ಇಬ್ಬರೂ ಸೇರಿದ್ರೆ ಒಂದು ಪೂರ್ತಿ ಕಾಗದ."

ಕೊನೆಗೆ ಮಗಳೇ ಅಂಗಡಿಗೆ ಹೋಗಿ, ಯಾವ ಡಬ್ಬಿಯ ಮೇಲಿನ ಚಿತ್ರದ ಮಗು ಎಲ್ಲಕ್ಕಿಂತ ದಪ್ಪಗಿತ್ತೋ ಅದನ್ನು ತಂದಳು. ಮೊದಲ ಸಲ ಕಲಸುವಾಗ ಸೊನ್ನೆಯಕ್ಕ ಪಕ್ಕದಲ್ಲಿ ನಿಂತಿದ್ದಳು. ಪುಡಿ ನೀರಿನ ಮೇಲೆ ತೇಲಿತು, ಯೋಚನೆ ಮಾಡಿತು, ಇಳಿಯಿತು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿರದ ಪುಡಿ. ಅವಳು ಚಮಚ ತೊಳೆದಿಟ್ಟಳು.

ಕೂಸಿಗೆ ನಾಲ್ಕು ತಿಂಗಳು ತುಂಬಿದ ವಾರದ ಸೋಮವಾರ ಪರೀಕ್ಷಾಲಯಕ್ಕೆ ಫೋಟೋ ತೆಗೆಯುವವನು ಬಂದ. ವಾರ್ಷಿಕ ವರದಿಯ ಮುಖಪುಟಕ್ಕೆ ಒಂದು ಚಿತ್ರ ಬೇಕಿತ್ತು. ಹಿರಿಯಳೆಂದು ಸೊನ್ನೆಯಕ್ಕನನ್ನು ನಿಲ್ಲಿಸುವುದೆಂದಾಯಿತು. ಅವಳು ಆಗ ಹಳದಿ ಕೋಣೆಯಲ್ಲಿ ನಾನೂರ ಹದಿನೇಳನೆಯ ಸ್ಯಾಂಪಲ್ಲಿನಲ್ಲಿ ಬಿ–ಎರಡು ಎಂಬ ವಿಟಮಿನ್ ಎಷ್ಟಿದೆಯೆಂದು ನೋಡುತ್ತಿದ್ದಳು. ಬಿ–ಎರಡು ಬಿಸಿಗೆ ಹೆದರುವುದಿಲ್ಲ, ಬೆಳಕಿಗೆ ಹೆದರುತ್ತದೆ. ಬಿಸಿಲು ಬಿದ್ದರೆ ನಿಮಿಷಗಳಲ್ಲಿ ನಾಶವಾಗುತ್ತ ಹೋಗುತ್ತದೆ. ಅದಕ್ಕೇ ಆ ಕೋಣೆಯಲ್ಲಿ ಹಳದಿ ದೀಪ, ಕಿಟಕಿಗೆ ದಪ್ಪ ಪರದೆ, ಕಪಾಟಿನ ತುಂಬ ಕಂದು ಗಾಜು.

"ಹಳದಿ ದೀಪ ಆರಿಸಲ್ಲ. ಪರದೆ ತೆಗೆಯಲ್ಲ. ನಿಮ್ಮ ದೀಪಕ್ಕೆ ಹಳದಿ ಕಾಗದ ಸುತ್ತಿ. ಒಪ್ಪಿಗೆಯಾದ್ರೆ ತೆಗೀರಿ," ಎಂದಳು.

"ಮೇಡಂ, ನೀವು ಕಾಮಾಲೆ ಬಂದವರ ಹಾಗೆ ಕಾಣ್ತೀರಿ."

"ಕಾಣ್ಲಿ."

ಅವನು ಕಾಗದ ಸುತ್ತಿದ. ಕೈಯಲ್ಲಿ ಏನಾದರೂ ಎತ್ತಿ ಹಿಡಿಯಿರಿ, ಪರೀಕ್ಷೆ ಮಾಡುತ್ತಿರುವ ಹಾಗೆ, ಎಂದ. ಖಾಲಿ ಫ್ಲಾಸ್ಕ್ ಒಂದನ್ನು ತಾನೇ ಚಾಚಿದ. ಸೊನ್ನೆಯಕ್ಕ ಅದನ್ನು ಪಕ್ಕಕ್ಕಿಟ್ಟಳು. "ಖಾಲಿ ಫ್ಲಾಸ್ಕ್ ದಿಟ್ಟಿಸಿಕೊಂಡು ನಿಲ್ಲೋಕೆ ನಾನೇನು ನಾಟಕದವಳಾ?" ಎಂದು, ತಾನು ಆ ಹೊತ್ತಿಗೆ ನಿಜವಾಗಿ ಮಾಡುತ್ತಿದ್ದ ಕೆಲಸವನ್ನೇ ಮುಂದುವರಿಸಿದಳು. ಅಳತೆಯ ಗೆರೆಯವರೆಗೆ ದ್ರಾವಣ ತುಂಬುವ ಕೆಲಸ ಅದು. ಕಂದು ಗಾಜಿನಲ್ಲಿ ಗೆರೆ ಕಾಣುವುದಿಲ್ಲವಾದ್ದರಿಂದ ಅಷ್ಟೊಂದನ್ನು ಬಣ್ಣವಿಲ್ಲದ ಗಾಜಿನಲ್ಲಿ ಮಾಡಿ, ಕೂಡಲೇ ಕತ್ತಲಿಗೆ ಇಡುತ್ತಾರೆ. ಫ್ಲಾಸ್ಕನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಗೆರೆ ನೋಡಿದಳು. ಗೆರೆ ನೋಡುವಾಗ ಅವಳಿಗೆ ಬೇರೆ ಪ್ರಪಂಚ ಇರುತ್ತಿರಲಿಲ್ಲ.

"ಆಹಾ, ಹಾಗೇ ಇರಿ," ಎಂದ ಫೋಟೋದವನು. ಅವಳು ಹಾಗೇ ಇದ್ದಳು. ಹೇಳಿದ್ದನ್ನು ಹೇಳಿದಷ್ಟು ಹೊತ್ತು ಮಾಡುವುದು ಅವಳಿಗೆ ರೂಢಿಯಾಗಿತ್ತು.

ಮಂಗಳವಾರ ಮಧ್ಯಾಹ್ನ ಯಂತ್ರ ನಾನೂರ ಹದಿನೇಳರ ಅಂಕಿ ಕೊಟ್ಟಿತು: ನೂರು ಗ್ರಾಂಗೆ 0.61 ಮಿಲಿಗ್ರಾಂ. ಕಡಿಮೆಯೆಂದರೆ 0.80 ಇರಬೇಕಿತ್ತು. ಅವಳು ಕಂಟ್ರೋಲಿನ ಅಂಕಿ ನೋಡಿದಳು. ಕಂಟ್ರೋಲ್ ಎಂದರೆ ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್. ಪ್ರತಿದಿನ ಉಳಿದವುಗಳ ಜೊತೆ ಅದನ್ನೂ ಓಡಿಸುತ್ತಾರೆ. ಅದರ ಉತ್ತರ ಸರಿಬಂದರೆ ಆ ದಿನ ಯಂತ್ರಕ್ಕೂ ಯಂತ್ರ ನಡೆಸಿದವರಿಗೂ ತಲೆ ನೆಟ್ಟಗಿತ್ತು ಎಂದು ಲೆಕ್ಕ. ಸರಿಯಾಗಿಯೇ ಬಂದಿತ್ತು.

ಆಮೇಲೆ ಅವಳು ಮಾಡಬಾರದ್ದನ್ನು ಮಾಡಿದಳು. ಭರಣಿಯಿಂದ ಒಂದು ಚಿಟಿಕೆ ತೆಗೆದು ಲೋಟದ ನೀರಿಗೆ ಹಾಕಿದಳು. ಪುಡಿ ತೇಲಿತು. ಯೋಚನೆ ಮಾಡಿತು. ಇಳಿಯಿತು.

ಒಂದು ಸಲ ಬಂದ ಅಂಕಿಗೆ ಪರೀಕ್ಷಾಲಯದಲ್ಲಿ ಬೆಲೆಯಿಲ್ಲ. ಅವಳೊಮ್ಮೆ, ಇನ್ನೊಬ್ಬರೊಮ್ಮೆ, ಹೊಸದಾಗಿ ತೂಗಿ ಮತ್ತೆ ಮಾಡಬೇಕು. ಎರಡು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಹೊರಗೆ ತುಟಿ ಬಿಚ್ಚುವಂತಿಲ್ಲ. ಕೆಲಸಕ್ಕೆ ಸೇರಿದ ದಿನವೇ ಅದಕ್ಕೆ ಸಹಿ ಹಾಕಿದ್ದಳು. ಚಹಾದ ಹೊತ್ತಿನಲ್ಲಿ ಅವಳು ಎರಡು ದಿನಕ್ಕೆ ಮೊಮ್ಮಗಳಿಗೆ ಕಡಿಮೆಯಾಗುವ ಬಿ–ಎರಡರ ಪ್ರಮಾಣ ಲೆಕ್ಕಹಾಕಿದಳು. ಏನೂ ಆಗುವುದಿಲ್ಲವೆಂದು ಬಂತು. ಆದರೆ ಕಾರ್ಖಾನೆಯಲ್ಲಿ ಬಿ–ಎರಡನ್ನು ಒಂಟಿಯಾಗಿ ಹಾಕುವುದಿಲ್ಲ. ಇಪ್ಪತ್ತು ಚಿಲ್ಲರೆ ಪೋಷಕಾಂಶಗಳ ಮಿಶ್ರಣವನ್ನು ಒಟ್ಟಿಗೆ ಹಾಕುತ್ತಾರೆ. ಆ ಮಿಶ್ರಣವೇ ಕಡಿಮೆ ಬಿದ್ದಿದ್ದರೆ ಉಳಿದದ್ದೂ ಕಡಿಮೆ. ಅದನ್ನು ಅವಳು ಅಳೆದಿರಲಿಲ್ಲ. ಅಳೆಯದ ವಿಷಯದಲ್ಲಿ ನೆಮ್ಮದಿಯಾಗಿರುವ ಅಭ್ಯಾಸ ಅವಳಿಗಿರಲಿಲ್ಲ. ಸಂಜೆ ಬಸ್ಸು ಹತ್ತಿದವಳು ತನ್ನ ಮನೆಯ ನಿಲ್ದಾಣದಲ್ಲಿ ಇಳಿಯಲಿಲ್ಲ.

ಮಗಳ ಮನೆ ನಾಲ್ಕನೆಯ ಮಹಡಿಯಲ್ಲಿ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲಿ ನಿಲ್ಲಬೇಕು. ಕಿಟಕಿಯಿಂದ ಎದುರಿನ ಅಂಗಡಿ ಕಾಣುತ್ತಿತ್ತು. ಅಂಗಡಿಯವನು ಗಾಜಿನ ಹಿಂದೆ ಆ ದಪ್ಪ ಮಗುವಿನ ಡಬ್ಬಿಗಳನ್ನೇ ಗೋಪುರವಾಗಿ ಜೋಡಿಸಿದ್ದ.

"ಏನಮ್ಮ, ವಾರದ ಮಧ್ಯ? ಫೋನೂ ಮಾಡದೆ?" ಎಂದಳು ಮಗಳು, ಕೂಸನ್ನು ಹೆಗಲಿಗೆ ಹಾಕಿಕೊಂಡು.

"ಈ ಕಡೆ ಬಂದಿದ್ದೆ. ಹಾಲು ನಾನು ಕಲಸ್ತೀನಿ."

ಕಪಾಟಿನಿಂದ ಡಬ್ಬಿ ತೆಗೆದಳು. ಹಿಂದಿನ ದಿನವಷ್ಟೇ ಒಡೆದದ್ದು, ಕಂಠಮಟ್ಟ ತುಂಬಿತ್ತು. ಮುಚ್ಚಳ ತೆಗೆದಳು. ಎರಡೂ ಕೈಯಲ್ಲಿ ಹಿಡಿದಳು. ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ ಸ್ವಲ್ಪ ವಾಲಿಸಿದಳು. ಡಬ್ಬಿ ತಲೆಕೆಳಗಾಯಿತು.

ಬಾಗಿಲಲ್ಲಿದ್ದ ಬೀಗಿತ್ತಿ ಎದೆ ಮುಟ್ಟಿಕೊಂಡರು. "ಅಯ್ಯಯ್ಯೋ! ಪೂರ್ತಿ ಡಬ್ಬಿ!"

"ಕೈ ಜಾರ್ತು," ಎಂದಳು ಸೊನ್ನೆಯಕ್ಕ.

ಮಗಳು ಖಾಲಿ ಡಬ್ಬಿಯನ್ನೂ ಅಮ್ಮನ ಕೈಯನ್ನೂ ನೋಡಿದಳು. ಬುದ್ಧಿ ಬಂದಾಗಿನಿಂದ ಅಮ್ಮ ಒಂದು ಹನಿ ನೀರು ಚೆಲ್ಲಿದ್ದನ್ನು ಅವಳು ಕಂಡಿರಲಿಲ್ಲ. ಈ ಹೆಂಗಸು ಎಣ್ಣೆ ಸುರಿಯುವಾಗ ಕೊನೆಯ ತೊಟ್ಟನ್ನು ಪಾತ್ರೆಯ ಅಂಚಿಗೆ ಮುಟ್ಟಿಸಿ ತೆಗೆಯುವವಳು.

"ನಿನ್ನ ಕೈ?" ಎಂದಳು.

"ವಯಸ್ಸಾಯ್ತು."

"ನಿನ್ನೆ ಇರ್ಲಿಲ್ವಾ ವಯಸ್ಸು?"

ಸೊನ್ನೆಯಕ್ಕ ಒಣ ತೊಟ್ಟಿಯಿಂದ ಪುಡಿಯನ್ನು ಒಂದು ಕಣವೂ ಬಿಡದೆ ಗುಡಿಸಿ, ಒಂದು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ತನ್ನ ಕೈಚೀಲದಲ್ಲಿಟ್ಟುಕೊಂಡಳು. ಕೆಳಗಿಳಿದು ಅಂಗಡಿಗೆ ಹೋಗಿ ಹೊಸ ಡಬ್ಬಿ ತಂದಳು.

"ಇದು ಬೇರೆ ಕಂಪನಿ," ಎಂದಳು ಮಗಳು.

"ಅದು ಅಂಗಡಿಯಲ್ಲಿ ಇರ್ಲಿಲ್ಲ."

ಮಗಳು ಕಿಟಕಿಯಾಚೆ ಗೋಪುರವನ್ನು ನೋಡಿದಳು. ಬೀಗಿತ್ತಿಯೂ ನೋಡಿದರು. ಸೊನ್ನೆಯಕ್ಕ ಮಾತ್ರ ನೋಡಲಿಲ್ಲ. ಅವಳು ಸುಳ್ಳು ಹೇಳಿ ಅನುಭವವಿಲ್ಲದವಳು. ಹೇಳುವ ಮೊದಲು ಕಿಟಕಿ ನೋಡಿಕೊಳ್ಳಬೇಕೆಂಬುದು ಅವಳಿಗೆ ಹೊಳೆದಿರಲಿಲ್ಲ.

ಗುರುವಾರ ಬೆಳಗ್ಗೆ ಮಗಳ ಫೋನು ಬಂತು. "ಅಮ್ಮಾ, ಒಂದನೇ ಮಹಡಿಯವರೂ ಮೂರನೇ ಮಹಡಿಯವರೂ ಡಬ್ಬಿ ಬದಲಾಯಿಸಿದ್ರು. ಪಕ್ಕದ ಕಟ್ಟಡದಲ್ಲೂ ಇಬ್ಬರು. ಅಂಗಡಿಯವನು ಗೋಪುರ ಇಳಿಸಿಬಿಟ್ಟ."

"ನಿಮ್ಮತ್ತೆ ಏನು ಹೇಳ್ಕೊಂಡು ಬಂದ್ರು?"

"ಏನೂ ಹೇಳ್ಲಿಲ್ಲ. ನೀನು ಚೆಲ್ಲಿದೆ ಅಂತ ಅಷ್ಟೇ ಹೇಳಿದ್ರು. ಅಷ್ಟೇ ಸಾಕಾಯ್ತಂತೆ."

ಮೂವತ್ತೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದದ್ದು ಒಂದೇ ಸಲ ಕೈ ತೆರೆದದ್ದರಲ್ಲಿ ಹೋಗಿತ್ತು. ಪುಡಿ ನಿಜಕ್ಕೂ ಕೆಟ್ಟದ್ದಾಗಿದ್ದರೆ ಇದಕ್ಕೊಂದು ಸಮಾಧಾನವಿರುತ್ತಿತ್ತು.

ಆ ಮಧ್ಯಾಹ್ನ ಮರುಪರೀಕ್ಷೆಯ ಅಂಕಿಗಳು ಬಂದವು. ಅವಳದು 0.88. ಇನ್ನೊಬ್ಬ ಪರೀಕ್ಷಕನದು 0.89. ಈ ಇನ್ನೊಬ್ಬ ನಲವತ್ತು ದಾಟಿದ, ಎರಡು ಮಕ್ಕಳ ತಂದೆ. ಯಾವಾಗಲೂ ಎರಡನೆಯ ಪರೀಕ್ಷೆ ಅವನದೇ ಆದ್ದರಿಂದ ಅವನನ್ನು ಎರಡನೆಯವನು ಎಂದೇ ಕರೆಯುತ್ತಿದ್ದರು.

ಪರೀಕ್ಷಾಲಯದ ಮುಖ್ಯಸ್ಥರು ಮೂರು ಅಂಕಿಗಳನ್ನೂ ನೋಡಿ ಸಂತೋಷಪಟ್ಟರು. "ಸರಿ ಹೋಯ್ತಲ್ಲ. ಮೂರನ್ನೂ ಕೂಡಿಸಿ ಸರಾಸರಿ ಹಾಕಿ ಕಳಿಸಿಬಿಡಿ."

"ಸರಾಸರಿ 0.79 ಬರುತ್ತೆ ಸರ್. ಬ್ಯಾಚು ಫೇಲು."

"ಹಾಗಾದ್ರೆ ಮೊದಲನೇದು ಬಿಟ್ಟುಬಿಡಿ."

"ಯಾಕೆ ಅಂತ ಬರೀಲಿ?"

"ತಪ್ಪಾಗಿದೆ ಅಂತ."

"ಏನು ತಪ್ಪು ಸರ್? ತೂಕ ಸರಿ, ಕಂಟ್ರೋಲ್ ಸರಿ. ನಮಗೆ ಬೇಡವಾಯ್ತು ಅಂತ ಒಂದು ಅಂಕಿ ಬಿಡೋದಾದ್ರೆ, ನಾಳೆ ಬೇಕಾಯ್ತು ಅಂತ ಒಂದು ಸೇರಿಸಲೂಬಹುದು."

ಮುಖ್ಯಸ್ಥರು ಹಣೆ ಉಜ್ಜಿಕೊಂಡರು. "ನಾಳೆ ಸಂಜೆ ಒಳಗೆ ಕಾರಣ ಹುಡುಕಿ. ಸಿಗದಿದ್ರೆ 0.79 ಅಂತಲೇ ಹೋಗುತ್ತೆ. ಅವರು ಅಷ್ಟೂ ಡಬ್ಬಿ ಅಂಗಡಿಗಳಿಂದ ವಾಪಸ್ ತರಿಸ್ಕೋಬೇಕು."

ಸೊನ್ನೆಯಕ್ಕ ಹಳದಿ ಕೋಣೆಗೆ ಹೋಗಿ ಕೂತಳು. ಕಾರಣ ಸಿಗದಿದ್ದರೆ ಒಳ್ಳೆಯ ಪುಡಿಗೆ ಕೆಟ್ಟ ಹೆಸರು, ಅವಳಿಗೆ ಒಳ್ಳೆಯ ಹೆಸರು. ಚೆಲ್ಲಿದ್ದು ದೂರದೃಷ್ಟಿ ಎಂದಾಗುತ್ತದೆ. ಬೀಗಿತ್ತಿ ಕಟ್ಟಡದವರನ್ನೆಲ್ಲ ಕರೆದು ಅವಳನ್ನು ತೋರಿಸುತ್ತಾರೆ. ಕಾರಣ ಸಿಕ್ಕರೆ ತಪ್ಪು ಅವಳದು. ಮೂವತ್ತೊಂದು ವರ್ಷದಲ್ಲಿ ಮೊದಲನೆಯದು. ಅವಳು ಸೋಮವಾರದ ಪುಸ್ತಕ ತೆರೆದು ಬೆಳಗಿನಿಂದ ಸಾಲುಸಾಲಾಗಿ ಓದಿದಳು. ಆ್ಯಸಿಡ್ ಸರಿ. ಬಿಸಿ ಮಾಡಿದ ಹೊತ್ತು ಸರಿ. ಸೋಸಿದ್ದು ಸರಿ. ಗೆರೆಯವರೆಗೆ ತುಂಬಿಸಿದ್ದು ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಕತ್ತಲಿಗಿಟ್ಟದ್ದು ಹನ್ನೊಂದು ಇಪ್ಪತ್ತೊಂದಕ್ಕೆ. ಹನ್ನೊಂದು ನಿಮಿಷ. ಫೋಟೋದ ಹನ್ನೊಂದು ನಿಮಿಷ. ಆದರೂ ದೀಪ ಹಳದಿ, ಪರದೆ ಮುಚ್ಚಿತ್ತು. ಅವಳೇ ನಿಂತು ಮುಚ್ಚಿಸಿದ್ದಳು.

ಶುಕ್ರವಾರ ಬೆಳಗ್ಗೆ ಫೋಟೋ ಬಂತು, ಚೌಕಟ್ಟು ಸಹಿತ. ಎಲ್ಲರೂ ಸುತ್ತ ನೆರೆದು ಚೆನ್ನಾಗಿದೆ ಎಂದರು. ನಿಜಕ್ಕೂ ಚೆನ್ನಾಗಿತ್ತು. ಸೊನ್ನೆಯಕ್ಕ ಫ್ಲಾಸ್ಕ್ ಎತ್ತಿ ಹಿಡಿದಿದ್ದಳು. ಅವಳ ಹಿಂದೆ ಪರದೆ ಅರ್ಧ ಸರಿದಿತ್ತು. ಹೆಗಲ ಮೇಲಿಂದ ಹಾದ ಬಿಸಿಲು ಫ್ಲಾಸ್ಕಿನ ನಟ್ಟನಡುವೆ ಇಳಿದು, ದ್ರಾವಣ ಎಳೆಯ ಹಸಿರಾಗಿ ಹೊಳೆಯುತ್ತಿತ್ತು. ಫ್ಲಾಸ್ಕಿನ ಕುತ್ತಿಗೆಯ ಮೇಲೆ ಅಂಟಿಸಿದ ಚೀಟಿಯಲ್ಲಿ 417 ಎಂದು ಯಾರು ಬೇಕಾದರೂ ಓದಬಹುದಿತ್ತು.

"ಪರದೆ ತೆಗೆದದ್ದು ಯಾರು?" ಎಂದಳು.

"ನಾನೇ ಅಕ್ಕ," ಎಂದ ಎರಡನೆಯವನು, ಹೆಮ್ಮೆಯಿಂದ. "ಅವನು ಸನ್ನೆ ಮಾಡಿದ. ನೀವು ಗೆರೆ ನೋಡ್ತಾ ಇದ್ರಿ, ಸದ್ದಾಗದ ಹಾಗೆ ಸರಿಸಿದೆ, ಆಮೇಲೆ ಹಾಗೇ ಮುಚ್ಚಿದೆ. ಎಷ್ಟು ಚೆನ್ನಾಗಿ ಬಂದಿದೆ ನೋಡಿ."

"ನನ್ನ ಕೈಯಲ್ಲಿ ಇದ್ದದ್ದೇನು ಅಂದ್ಕೊಂಡೆ?"

"ಬಣ್ಣದ ನೀರು. ಫೋಟೋಗೆ ಯಾರಾದ್ರೂ ನಿಜವಾದ ಸ್ಯಾಂಪಲ್ ಹಿಡೀತಾರಾ?" ಎಂದವನು ಚೀಟಿ ಓದಿದ. ಮುಖದ ಹೆಮ್ಮೆ ಇಳಿಯಿತು. "ಓ," ಎಂದ.

ಜಗತ್ತಿನ ಯಾವ ಪರೀಕ್ಷಾಲಯದ ಚಿತ್ರದಲ್ಲೂ ಫ್ಲಾಸ್ಕಿನಲ್ಲಿರುವುದು ಬಣ್ಣದ ನೀರೇ. ಅದು ಬೇಡ, ನಿಜವಾದದ್ದೇ ಇರಲಿ ಎಂದವಳು ಇವಳೊಬ್ಬಳು.

ಅವಳು ಲೋಪ ವರದಿಯ ನಮೂನೆ ತೆಗೆದು ತುಂಬಿದಳು. ಮೊದಲ ಅಂಕಿ ತಳ್ಳಿಹಾಕಲು ಕಾರಣ: ದ್ರಾವಣವು ಹನ್ನೊಂದು ನಿಮಿಷ ಬಿಸಿಲಿಗೆ ಒಡ್ಡಿಕೊಂಡಿದೆ. ಹೊಣೆ: ಹಿರಿಯ ಪರೀಕ್ಷಕಿ. ಸಾಕ್ಷಿ: ಲಗತ್ತಿಸಿದ ಫೋಟೋ, ಚೌಕಟ್ಟು ಸಹಿತ. ಮುಖ್ಯಸ್ಥರು ನಿಟ್ಟುಸಿರು ಬಿಟ್ಟು ಸಹಿ ಹಾಕಿದರು. ಅವಳು ಎರಡನೆಯ ನಮೂನೆಯನ್ನು ಮುಂದಿಟ್ಟಳು.

"ಇದೇನು? ಸ್ಥಳ: ಮಗಳ ಅಡುಗೆಮನೆ?"

"ಓದಿ ಸರ್."

ಓದಿದರು. ಫಲಿತಾಂಶ ಹೊರಬೀಳುವ ಮುನ್ನ ಪರೀಕ್ಷಕಿಯು ಅದರ ಸುಳಿವು ಮನೆಯವರಿಗೆ ಸಿಗುವಂತೆ ನಡೆದುಕೊಂಡಿದ್ದಾಳೆ. ವಿಧಾನ: ಚೆಲ್ಲುವುದು. ಚೆಲ್ಲಿದ ಪ್ರಮಾಣ: 361.40 ಗ್ರಾಂ.

"ಇದನ್ನೂ ತೂಗಿದ್ರಾ?"

"ತೂಗದೆ ಹೇಗೆ ಬರೀಲಿ?"

"ಅಲ್ಲಾರೀ, ನೀವು ಒಂದು ಮಾತೂ ಆಡಿಲ್ಲ. ಮನೇಲಿ ಪುಡಿ ಚೆಲ್ಲಿದ್ದಕ್ಕೆ ನಮ್ಮಲ್ಲಿ ನಿಯಮ ಇಲ್ಲ."

"ಬಾಯಲ್ಲಿ ಹೇಳಬಾರದು ಅಂತ ಮಾತ್ರ ನಿಯಮ ಇದ್ರೆ ನಿಯಮ ಸರಿಯಿಲ್ಲ. ಅದಕ್ಕೆ ಬೇರೆ ನಮೂನೆ ತುಂಬ್ತೀನಿ."

ಮುಖ್ಯಸ್ಥರು ಮೂರನೆಯ ನಮೂನೆಗೆ ಅವಕಾಶ ಕೊಡದೆ ಸಹಿ ಹಾಕಿದರು. ಸರಿಪಡಿಸಲು ಕೈಗೊಂಡ ಕ್ರಮ ಎಂಬ ಅಂಕಣ ಖಾಲಿಯಿತ್ತು. "ಇದು?"

"ಸೋಮವಾರ ಬರೀತೀನಿ. ಇನ್ನೂ ಕೈಗೊಂಡಿಲ್ಲ."

ಅಂದು ಸಂಜೆ ಮಗಳ ಮನೆಯ ಎದುರಿನ ಅಂಗಡಿಯವನು ಅವಳನ್ನು ಕಂಡ ಕೂಡಲೇ ಬೇರೆ ಕಂಪನಿಯ ಡಬ್ಬಿ ಎತ್ತಿಕೊಂಡ. ಅವಳು ತಲೆಯಾಡಿಸಿ, ಮೂಲೆಗೆ ಹೋಗಿ ಕೂತಿದ್ದ ದಪ್ಪ ಮಗುವಿನ ಡಬ್ಬಿಗಳತ್ತ ಕೈ ತೋರಿಸಿದಳು.

"ಅಕ್ಕಾ, ಅದು ಸರಿಯಿಲ್ಲ ಅಂತಾರಲ್ಲ?"

"ಯಾರಂತಾರೆ?"

"ನಿಮ್ಮ ಬೀಗಿತ್ತಿಯವರು… ಅಂದ್ರೆ ಅವರು ಹಾಗಂತ ಹೇಳ್ಲಿಲ್ಲ. ನೀವು ಚೆಲ್ಲಿದ್ರಂತೆ."

"ಚೆಲ್ಲಿದ್ದು ಹೌದು. ಎರಡು ಕೊಡಿ."

"ಚೀಲಕ್ಕೆ ಹಾಕ್ಲಾ?"

"ಬೇಡ."

ಪುಡಿ ಒಳ್ಳೆಯದು ಎಂದು ಹೇಳುವುದಕ್ಕೂ ಅವಳಿಗೆ ಅಧಿಕಾರವಿರಲಿಲ್ಲ. ಅದಕ್ಕೇ ಎರಡು ಕೈಯಲ್ಲಿ ಎರಡು ಡಬ್ಬಿ ಹಿಡಿದು, ದಪ್ಪ ಮಗುವಿನ ಮುಖ ಹೊರಗೆ ಕಾಣುವ ಹಾಗೆ ತಿರುಗಿಸಿಕೊಂಡು ರಸ್ತೆ ದಾಟಿದಳು. ಕಚೇರಿಗಳು ಬಿಟ್ಟು ಜನ ಮನೆಗೆ ಬರುವ ಹೊತ್ತು. ಒಂದನೆಯ ಮಹಡಿಯಲ್ಲಿ ನಿಂತು ಉಸಿರು ತೆಗೆದುಕೊಂಡಳು, ಉಸಿರು ಕಟ್ಟಿರಲಿಲ್ಲವಾದರೂ. ಬಾಗಿಲು ಸ್ವಲ್ಪ ತೆರೆಯಿತು. ಮೂರನೆಯ ಮಹಡಿಯಲ್ಲಿ ಇನ್ನೂ ಹೆಚ್ಚು ಹೊತ್ತು ನಿಂತಳು. ಅಲ್ಲಿಯ ಎಳೆಯ ತಾಯಿ ಹೊರಗೇ ಬಂದು ಒಂದು ಡಬ್ಬಿ ನೋಡಿದಳು, ಇನ್ನೊಂದು ಡಬ್ಬಿ ನೋಡಿದಳು, ಸೊನ್ನೆಯಕ್ಕನ ಕೈ ನೋಡಿದಳು.

"ನಿಮ್ಮ ಮೊಮ್ಮಗಳಿಗಾ?"

"ಮತ್ತೆ ನನಗಾ?"

ಮೇಲೆ ಬಾಗಿಲು ತೆಗೆದವರು ಬೀಗಿತ್ತಿ. ಡಬ್ಬಿ ಕಂಡವರು ದಾರಿ ಬಿಡದೆ, "ಹಾಗಾದ್ರೆ ಮೊನ್ನೆ ನಿಜಕ್ಕೂ ಕೈ ಜಾರಿತ್ತಾ?" ಎಂದರು.

"ಇಲ್ಲ," ಎಂದಳು ಸೊನ್ನೆಯಕ್ಕ. "ತಪ್ಪಾಗಿತ್ತು. ನಂದು. ಅದನ್ನೂ ಎಲ್ಲರಿಗೂ ಹೇಳಿ."

"ನಾನ್ಯಾಕೆ ಹೇಳ್ಲಿ? ನಾನೇನು ಊರಿಗೆಲ್ಲ ಸಾರಿಕೊಂಡು ಬರೋಳಾ?" ಎಂದ ಬೀಗಿತ್ತಿ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದರು.

ಮಗಳು ಅಡುಗೆಮನೆಯಲ್ಲಿ ನೀರು ಕಾಯಿಸುತ್ತಿದ್ದಳು. ಹೆಗಲ ಮೇಲಿದ್ದ ಕೂಸನ್ನು ಅಮ್ಮನ ಕೈಗೆ ಕೊಡದೆ ಎರಡೂ ಡಬ್ಬಿಗಳನ್ನಷ್ಟೇ ತೆಗೆದುಕೊಂಡು ಕಪಾಟಿನ ಮೇಲಿನ ಹಲಗೆಯಲ್ಲಿಟ್ಟಳು. ಸೊನ್ನೆಯಕ್ಕನ ಕೈಗೆ ಎಟುಕದ ಹಲಗೆ ಅದು.

"ಒಂದು ಕೆಳಗಿರ್ಲಿ," ಎಂದಳು ಸೊನ್ನೆಯಕ್ಕ. "ಈಗ ಕಲಸ್ಬೇಕಲ್ಲ."

"ನಾನು ಕಲಸ್ತೀನಿ. ನೀನು ನೋಡ್ತಾ ನಿಂತ್ಕೋ. ಹಾಗೇ ಇರು."

ಅವಳು ಹಾಗೇ ಇದ್ದಳು. ಮಗಳು ಚಮಚ ತುಂಬಿ, ಅಂಚಿಗೆ ಸಮ ಮಾಡಿ, ನೀರಿಗೆ ಹಾಕಿದಳು. ಪುಡಿ ತೇಲಿತು. ಸ್ವಲ್ಪ ಹೊತ್ತು ಯೋಚನೆ ಮಾಡಿತು. ಇಳಿಯಿತು.